ನ್ಯೂಟ್ರಿನೋಗೆ ತೂಕ ಇದೆ ಅಂತಾರೆ, ಎಷ್ಟು ಅಂತ ಮಾತ್ರ ಯಾಕೆ ಹೇಳಲ್ಲ?

ನ್ಯೂಟ್ರಿನೋ ಅಂದರೆ ಭೂಮಿಯನ್ನೂ ತೂರಿಹೋಗುವ, ವಿದ್ಯುದಾವೇಶ ಇಲ್ಲದ ಪುಟ್ಟ ಕಣ. ಅದು ಹಾದಿಯಲ್ಲಿ ಜಾತಿ ಬದಲಾಯಿಸಿದ ಮಾತ್ರಕ್ಕೆ ತೂಕ ಇದೆ ಅಂತ ಹೇಗೆ ಗೊತ್ತಾಯಿತು, ಗೊತ್ತಾದ ಮೇಲೆ ಎಷ್ಟು ಅನ್ನೋಕೆ ಏನು ಕಷ್ಟ ಅಂತ ಕೇಳಿದ್ದೀರಿ. ಈ ಜಾತಿ ಬದಲಾವಣೆಯನ್ನು (ಆಸಿಲೇಶನ್) ನೋಡುವ ಪ್ರಯೋಗ ತೂಕವನ್ನು ಅಳೆಯುವುದೇ ಇಲ್ಲ ಸ್ವಾಮಿ, ತೂಕಗಳ ನಡುವಿನ ವ್ಯತ್ಯಾಸವನ್ನಷ್ಟೇ ಅಳೆಯುತ್ತದೆ.

ಎಲೆಕ್ಟ್ರಾನ್, ಮ್ಯೂಆನ್, ಟೌ ಅಂತ ನ್ಯೂಟ್ರಿನೋದಲ್ಲಿ ಮೂರು ಜಾತಿ. ಆದರೆ ಒಂದು ಜಾತಿಗೆ ಒಂದು ತೂಕ ಅಂತ ಇಲ್ಲ. ಕೋಲಾರದಲ್ಲಿ ನಾನು ಪಾಠ ಮಾಡುವ ಬಿಎಸ್ಸಿ ಮಕ್ಕಳೂ ಇಲ್ಲೇ ಎಡವುತ್ತಾರೆ. ತೂಕ ನಿಗದಿಯಾದ ಸ್ಥಿತಿಗಳೇ ಬೇರೆ ಮೂರು, ಪ್ರತಿ ಜಾತಿಯೂ ಆ ಮೂರರ ಮಿಶ್ರಣ. ತಂಬೂರಿಯ ಎರಡು ತಂತಿ ಶ್ರುತಿಯಲ್ಲಿ ಚೂರು ಹೆಚ್ಚುಕಮ್ಮಿ ಇದ್ದರೆ ಒಟ್ಟಿಗೆ ಮೀಟಿದಾಗ ನಾದ ಏರಿ ಇಳಿಯುತ್ತದೆ, ಅಲ್ವಾ? ಆ ಏರಿಳಿತದಿಂದ ತಂತಿಗಳ ಅಂತರ ಗೊತ್ತಾಗುತ್ತದೆ, ಶ್ರುತಿ ಯಾವುದು ಅಂತ ಗೊತ್ತಾಗಲ್ಲ. ಇಲ್ಲೂ ಅಷ್ಟೇ, ತೂಕಗಳ ಅಂತರದಿಂದ ಜಾತಿಯಲ್ಲಿ ಏರಿಳಿತ ಆಗುತ್ತದೆ. ಮೂರೂ ಸೊನ್ನೆ ತೂಕದ್ದಾಗಿದ್ದರೆ ಏರಿಳಿತವೇ ಇರುತ್ತಿರಲಿಲ್ಲ.

ಏರಿಳಿತ ಸಿಕ್ಕಿದ್ದು 1998ರಲ್ಲಿ, ಜಪಾನಿನ ನೆಲದಡಿಯ ನ್ಯೂಟ್ರಿನೋ ಪ್ರಯೋಗ ಸೂಪರ್ ಕಾಮಿಯೋಕಾಂಡೆಯಲ್ಲಿ. ವಾತಾವರಣದಲ್ಲಿ ಹುಟ್ಟಿ ನೇರ ಮೇಲಿಂದ ಬಂದ ಮ್ಯೂಆನ್ ನ್ಯೂಟ್ರಿನೋಗಳ ಲೆಕ್ಕ ಸರಿ ಇತ್ತು, ಭೂಮಿಯನ್ನು ತೂರಿಕೊಂಡು ಕೆಳಗಿಂದ ಬಂದವು ಸುಮಾರು ಅರ್ಧ ಮಾತ್ರ, ಅಷ್ಟು ದೂರ ಬರುವಷ್ಟರಲ್ಲಿ ಉಳಿದವು ಜಾತಿ ಬದಲಾಯಿಸಿದ್ದವು. (ಈ ವಾತಾವರಣದ ನ್ಯೂಟ್ರಿನೋ ಮೊದಲ ಸಲ ಸಿಕ್ಕಿದ ಜಾಗಗಳಲ್ಲಿ ನಮ್ಮ ಕೆಜಿಎಫ್ ಒಂದು. 1965ರಲ್ಲಿ, ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ. ಸಿನಿಮಾ ಬಂದ ಮೇಲೂ ಊರಿನವರಿಗೇ ಇದು ಗೊತ್ತಿಲ್ಲ!) ಆಮೇಲೆ ಕೆನಡಾದ ನ್ಯೂಟ್ರಿನೋ ಪ್ರಯೋಗ ಎಸ್‌ಎನ್‌ಓ, ಸೂರ್ಯನಿಂದ ಬರುವ ನ್ಯೂಟ್ರಿನೋಗಳ ಒಟ್ಟು ಸಂಖ್ಯೆ ಸರಿಯಾಗೇ ಇದೆ, ಜಾತಿ ಮಾತ್ರ ಬದಲಾಗಿದೆ ಅಂತ ತೋರಿಸಿತು. ಈ ಎರಡು ಪ್ರಯೋಗಗಳಿಗಾಗಿ 2015ರ ನೊಬೆಲ್ ಕಾಜಿತಾ, ಮೆಕ್‌ಡೊನಾಲ್ಡ್ ಇಬ್ಬರಿಗೂ ಬಂತು.

ಸರಿಯಾಗಿ ಹೇಳಬೇಕೆಂದರೆ, ಕೈಗೆ ಸಿಕ್ಕಿರುವುದು ತೂಕದ ವರ್ಗಗಳ (ತೂಕವನ್ನು ಅದರಿಂದಲೇ ಗುಣಿಸಿದ ಸಂಖ್ಯೆಗಳ) ಎರಡು ವ್ಯತ್ಯಾಸ. ಕಣಗಳ ತೂಕಕ್ಕೆ ಬಳಸುವ ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ ಒಂದು ಸುಮಾರು 0.000075, ಇನ್ನೊಂದು 0.0025. ದೊಡ್ಡದರ ವರ್ಗಮೂಲ 0.05, ಹಾಗಾಗಿ ಒಂದಾದರೂ ಅಷ್ಟು ತೂಗಲೇಬೇಕು. ಎಲೆಕ್ಟ್ರಾನ್ 5,11,000 ತೂಗುತ್ತದೆ, ಹೋಲಿಸಿಕೊಳ್ಳಿ. ಮೇಲಿನ ಮಿತಿ ಬೇರೆ ದಾರಿಯಿಂದ ಬಂದಿದೆ: ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಕ್ಷಯವನ್ನು ಅಳೆಯುವ ಜರ್ಮನಿಯ ಕ್ಯಾಟ್ರಿನ್ ಪ್ರಯೋಗ 2025ರಲ್ಲಿ 0.45ಕ್ಕಿಂತ ಕಡಿಮೆ ಅಂದಿತು.

ನನಗೆ ತೂಕಕ್ಕಿಂತ ಮಿಶ್ರಣವೇ ಜಾಸ್ತಿ ವಿಚಿತ್ರ ಅನ್ನಿಸುತ್ತದೆ. ಪ್ರೋಟಾನ್ ಒಳಗಿನ ಕಣಗಳಾದ ಕ್ವಾರ್ಕ್‌ಗಳಲ್ಲಿ ಅತಿ ದೊಡ್ಡ ಮಿಶ್ರಣ ಕೋನ (ಎಷ್ಟು ಬೆರೆತಿದೆ ಅನ್ನೋ ಅಳತೆ) 13 ಡಿಗ್ರಿ. ಇಲ್ಲಿ ಒಂದು 33ರ ಆಸುಪಾಸು, ಇನ್ನೊಂದು 45ರ ಹತ್ತಿರ. ಚಿಕ್ಕದು, ಸುಮಾರು 8.5, ಸೊನ್ನೆಯಲ್ಲ ಅಂತ ಖಾತ್ರಿಯಾಗಿದ್ದು 2012ರಲ್ಲಿ, ಚೀನಾದ ದಾಯಾ ಬೇ ಪ್ರಯೋಗದಿಂದ. ಯಾಕಿಷ್ಟು ದೊಡ್ಡ ಕೋನಗಳು ಅನ್ನೋದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ. ಎರಡು ಹಗುರ, ಒಂದು ಭಾರವೋ, ಇಲ್ಲಾ ಒಂದು ಹಗುರ, ಎರಡು ಭಾರವೋ ಅನ್ನೋದೂ ಇತ್ಯರ್ಥ ಆಗಿಲ್ಲ. ಅದನ್ನು ತೀರ್ಮಾನಿಸೋಕೇ ಚೀನಾದ ಜೂನೋ ಪ್ರಯೋಗ 2025ರ ಆಗಸ್ಟ್‌ನಲ್ಲಿ ಶುರುವಾಗಿದೆ.