ಬೇಸಿಗೆಯಲ್ಲೂ ಗುಲಾಬಿ ಹೂ ಬಿಡಬೇಕಾದರೆ ಯಾವ ಗೊಬ್ಬರ ಹಾಕಬೇಕು?

ರಾಯಚೂರು, ತಾರಸಿ ಮೇಲೆ ಕುಂಡಗಳು, ಡಿಸೆಂಬರ್‌ನಲ್ಲಿ ಗಿಡದ ತುಂಬ ಹೂ. ಮಾರ್ಚ್ ಬಂದ ಮೇಲೆ ಎಲೆಯ ಅಂಚು ಸುಟ್ಟ ಹಾಗೆ ಕಂದು, ಮೊಗ್ಗು ಅರಳದೆ ಒಣಗುವುದು. ಪಕ್ಕದ ಮನೆಯವರು ಡಿಎಪಿ ಹಾಕಿ ಅಂತಾರೆ, ಯೂಟ್ಯೂಬ್‌ನಲ್ಲಿ ಬಾಳೆಹಣ್ಣಿನ ಸಿಪ್ಪೆಯ ನೀರು ಅಂತಾರೆ, ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ.

ಎರಡೂ ಬೇಡ. ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಮಾತಿದೆಯಲ್ಲ, "ನೀರಿಗೇನೂ ಕೊರತೆ ಮಾಡಿಲ್ಲ, ಆರ್‌ಒ ಮಷೀನ್‌ನಿಂದ ಹೊರಗೆ ಬರುವ ನೀರನ್ನೆಲ್ಲ ಗಿಡಕ್ಕೇ ಹಾಕುತ್ತೇನೆ" ಅಂತ, ನನ್ನ ಉತ್ತರವೆಲ್ಲ ಆ ಮಾತಿಗೇ. ನಾನೂ ಹಾಗೇ ಮಾಡುತ್ತಿದ್ದೆ. ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಲೂ ಇದ್ದೆ.

ನಾನು ಬೆಂಗಳೂರಿನಿಂದ ಬಳ್ಳಾರಿಗೆ ವರ್ಗವಾಗಿ ಬಂದವಳು. ಸಾಮಾನಿನ ಲಾರಿಯಲ್ಲಿ ಗುಲಾಬಿ ಕುಂಡಗಳೂ ಬಂದವು. ಅದರಲ್ಲಿ ಒಂದು ಪಾಪಾ ಮೇಯಾಂ ಅನ್ನುವ ಜಾತಿಯ ಗುಲಾಬಿ. ಕಪ್ಪು ಅನ್ನುವಷ್ಟು ಕಡುಗೆಂಪು, ಒಂದು ಹೂ ಅರಳಿದರೂ ರೂಮೆಲ್ಲ ಘಮ. ಅಪ್ಪ ನನಗೆ ಕೊಡಿಸಿದ್ದ ಗಿಡ ಅದು. ಆಗ ನನಗೆ ಗುಲಾಬಿ ಬೆಳೆಸುವುದು ಚೆನ್ನಾಗಿ ಬರುತ್ತದೆ ಅನ್ನುವ ಜಂಬವಿತ್ತು. ನಿಜ ಹೇಳಬೇಕೆಂದರೆ ಅಲ್ಲಿ ಅರ್ಧ ಕೆಲಸ ಬೆಂಗಳೂರಿನ ಹವೆಯೇ ಮಾಡುತ್ತಿತ್ತು. ಹಗಲು 25ರಿಂದ 28 ಡಿಗ್ರಿ, ರಾತ್ರಿ 15ರಿಂದ 18 ಇದ್ದರೆ ಗುಲಾಬಿ ತಾನಾಗಿಯೇ ಹೂ ಬಿಡುತ್ತದೆ. ಬಳ್ಳಾರಿಯಲ್ಲಿ ಏಪ್ರಿಲ್ ಅಂದರೆ ಹಗಲು 40ರ ಆಸುಪಾಸು. ತಾರಸಿಯ ಕಾಂಕ್ರೀಟು ರಾತ್ರಿ ಊಟವಾದ ಮೇಲೂ ಬರಿಗಾಲಲ್ಲಿ ನಿಲ್ಲಲು ಬಿಡುವುದಿಲ್ಲ.

ಬಾಡಿಗೆ ಮನೆಯಲ್ಲಿ ಬೋರ್ ನೀರು, ಸವುಳು. ತುಂಗಭದ್ರಾ ನೀರು ನಲ್ಲಿಯಲ್ಲಿ ಬರುವ ದಿನ ಬೇರೆಯೇ, ಅದನ್ನು ಡ್ರಮ್ಮಿನಲ್ಲಿ ಹಿಡಿದು ಜೋಪಾನ ಮಾಡಬೇಕು. ಹೀಗಿರುವಾಗ ಆರ್‌ಒ ಮಷೀನು ಬಕೆಟ್‌ಗಟ್ಟಲೆ ನೀರು ಹೊರಗೆ ಬಿಡುವುದನ್ನು ನೋಡಿದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಪೈಪಿನ ಕೆಳಗೆ ಬಕೆಟ್ ಇಟ್ಟೆ. ಬೆಳಗ್ಗೆ ತುಂಬಿದ ಬಕೆಟ್ ಎತ್ತಿಕೊಂಡು ಮೇಲೆ ಹೋಗಿ ಗುಲಾಬಿಗೆ ಹಾಕುವುದು. ಮಾಲೀಕರು ತಾರಸಿಯಲ್ಲಿ ಕಲೆ ಆಗಬಾರದು ಎಂದಿದ್ದರು, ಅದಕ್ಕೆ ಪ್ರತಿ ಕುಂಡದ ಕೆಳಗೂ ತಟ್ಟೆ. ನೀರು ತಟ್ಟೆಗೆ ಇಳಿಯದ ಹಾಗೆ ಅಳೆದು ಹಾಕುತ್ತಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ, ಕೇಡಿನ ಅರ್ಧ ಪಾಲು ಈ ಅಳತೆಯಲ್ಲೇ ಇತ್ತು.

ಮಾರ್ಚ್‌ನಲ್ಲಿ ನೀವು ಬರೆದಿರುವುದೇ ಆಯಿತು. ಮೊದಲು ಎಲೆಯ ತುದಿ, ಆಮೇಲೆ ಅಂಚು ಕಂದು. ಹೊಸ ಚಿಗುರಿನ ಎಲೆ ಹಳದಿ, ನರ ಮಾತ್ರ ಹಸಿರು. ಮೊಗ್ಗು ಕಡಲೆ ಗಾತ್ರಕ್ಕೆ ಬಂದು ಅಲ್ಲೇ ನಿಲ್ಲುವುದು. ಗಿಡಕ್ಕೆ ಹಸಿವಾಗಿದೆ ಅಂದುಕೊಂಡೆ. ಗೊಬ್ಬರದ ಅಂಗಡಿಯಿಂದ ಡಿಎಪಿ ತಂದು ಕುಂಡಕ್ಕೊಂದು ಹಿಡಿ ಹಾಕಿದೆ. ಒಂದೆರಡು ವಾರಕ್ಕೆ ಕಂದು ಇನ್ನೂ ಜಾಸ್ತಿಯಾಯಿತು. ಸಾಲಲಿಲ್ಲವೇನೋ ಎಂದು ಮತ್ತೆ ಹಾಕಿದೆ!

ಗೊತ್ತಾಗಿದ್ದು ಆರ್‌ಒ ಸರ್ವಿಸ್ ಮಾಡಲು ಬಂದ ಹುಡುಗನಿಂದ. ಅವನು ಪೆನ್ನಿನಷ್ಟುದ್ದದ ಟಿಡಿಎಸ್ ಮೀಟರನ್ನು ಬೋರ್ ನೀರಿನಲ್ಲಿ ಅದ್ದಿದ, 1200 ತೋರಿಸಿತು. ಹೊರಗೆ ಹೋಗುವ ನೀರಿನಲ್ಲಿ ಅದ್ದಿದ, 1700 ದಾಟಿತು. ಏನೋ ಹೊಳೆದು, ಆ ದಿನ ತಪ್ಪಿ ಜಾಸ್ತಿ ನೀರು ಬಿದ್ದು ಗುಲಾಬಿಯ ತಟ್ಟೆಯಲ್ಲಿ ನಿಂತಿದ್ದನ್ನು ಲೋಟದಲ್ಲಿ ತಂದು ಕೊಟ್ಟೆ. 4000ಕ್ಕೂ ಮೇಲೆ. ಹುಡುಗ ಮೀಟರನ್ನು ಒರೆಸಿ ಇನ್ನೊಮ್ಮೆ ಅದ್ದಿ ನೋಡಿದ. "ಮೇಡಂ, ಇದೇನು ಸಮುದ್ರದಿಂದ ತಂದಿರೇನು?" ಅಂದ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಸ್ವಲ್ಪ ಉದ್ದವಿದೆ, ಆದರೂ ಓದಿ. ಟಿಡಿಎಸ್ 1200 ಅಂದರೆ ಒಂದು ಲೀಟರಿನಲ್ಲಿ 1.2 ಗ್ರಾಂ ಲವಣ ಕರಗಿದೆ ಅಂತ. ಮಷೀನು 3 ಲೀಟರ್ ಒಳಗೆ ತೆಗೆದುಕೊಂಡು 1 ಲೀಟರ್ ಕುಡಿಯಲು ಕೊಟ್ಟು 2 ಲೀಟರ್ ಹೊರಗೆ ಬಿಡುತ್ತದೆ ಅಂತಿಟ್ಟುಕೊಳ್ಳಿ. 3 ಲೀಟರಿನಲ್ಲಿ ಒಟ್ಟು 3.6 ಗ್ರಾಂ. ಕುಡಿಯುವ ಲೀಟರಿನಲ್ಲಿ ಉಳಿಯುವುದು ಸುಮಾರು 0.1 ಗ್ರಾಂ ಅಷ್ಟೇ. ಮಿಕ್ಕ 3.5 ಗ್ರಾಂ ಅಷ್ಟೂ ಆ 2 ಲೀಟರಿನೊಳಗೆ. ಬೇಸಿಗೆಯಲ್ಲಿ ದೊಡ್ಡ ಕುಂಡಕ್ಕೆ ದಿನಕ್ಕೆ 2 ಲೀಟರ್ ಬೇಕೇ ಬೇಕು. ತಿಂಗಳಿಗೆ ಎಷ್ಟಾಯಿತು? 105 ಗ್ರಾಂ. ನೀರು ಬಿಸಿಲಿಗೆ ಆರುತ್ತದೆ, ಎಲೆಯಿಂದಲೂ ಆರುತ್ತದೆ. ಲವಣ ಹೋಗುವುದಿಲ್ಲ. ಕುಂಡದ ತೂತಿನಿಂದ ನೀರು ಹರಿದುಹೋದರೆ ಅದರ ಜೊತೆ ಒಂದಿಷ್ಟು ಹೋಗುತ್ತಿತ್ತು, ಅದನ್ನೂ ನಾನು ಅಳೆದು ಹಾಕಿ ತಡೆದಿದ್ದೆ. ಅಂದರೆ ತಿಂಗಳಿಗೆ ನೂರು ಗ್ರಾಂ ಉಪ್ಪಿನ ಪೊಟ್ಟಣ ಒಡೆದು ಬುಡಕ್ಕೆ ಸುರಿದಂತೆಯೇ ಆಯಿತು. ಎಲ್ಲವೂ ಅಡುಗೆ ಉಪ್ಪಲ್ಲ, ಸುಣ್ಣದ ಅಂಶವೂ ಅದರಲ್ಲಿದೆ, ಆದರೆ ಗುಲಾಬಿಗೆ ಎರಡೂ ಆಗಿಬರುವುದಿಲ್ಲ.

ಯಾಕೆ ಆಗಿಬರುವುದಿಲ್ಲ ಅಂದರೆ, ಮಾವಿನಕಾಯಿ ಹೋಳುಗಳಿಗೆ ಉಪ್ಪು ಹಾಕಿಟ್ಟರೆ ಬೆಳಗಾಗುವುದರೊಳಗೆ ನೀರು ಬಿಟ್ಟುಕೊಂಡು ಸುಕ್ಕುಗಟ್ಟುತ್ತದಲ್ಲ, ಬೇರಿಗೂ ಅದೇ ಗತಿ. ಮಣ್ಣು ಒದ್ದೆಯಾಗಿದ್ದರೂ ಬೇರು ನೀರನ್ನು ಎಳೆದುಕೊಳ್ಳಲಾರದು. ಮೇಲೆ 40 ಡಿಗ್ರಿ ಬಿಸಿಲು, ಕೆಳಗೆ ನೀರಿದ್ದೂ ಇಲ್ಲ. ಎಲೆಯಲ್ಲಿ ನೀರು ಕೊನೆಗೆ ತಲುಪುವ ಜಾಗ ಅಂಚು, ಉಪ್ಪು ಹೋಗಿ ಸೇರುವುದೂ ಅಲ್ಲೇ. ಅದಕ್ಕೇ ಅಂಚು ಮೊದಲು ಸುಡುವುದು. ಸುಣ್ಣದ ಅಂಶ ಹೆಚ್ಚಾದಾಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಚಿಗುರು ಹಳದಿಯಾಗಿದ್ದು ಅದರಿಂದ. ಇನ್ನು ಡಿಎಪಿ, ಅದೂ ಒಂದು ಲವಣವೇ. ಚೀಲದ ಮೇಲೆ 18:46 ಎಂದು ಸಾರಜನಕ, ರಂಜಕದ ಲೆಕ್ಕ ಬರೆದಿರುತ್ತದೆ. ಹೊಲಕ್ಕೆ ಒಳ್ಳೆಯ ಗೊಬ್ಬರ. ಉಪ್ಪು ತುಂಬಿದ, ಕಾದ ಕುಂಡದಲ್ಲಿ ಅದು ಉಪ್ಪಿನ ಮೇಲೆ ಉಪ್ಪು. ಗಿಡ ಹಸಿದಿರಲಿಲ್ಲ, ಬಾಯಾರಿತ್ತು. ನಾನು ತಿನ್ನಿಸುತ್ತಲೇ ಹೋದೆ.

ಪಾಪಾ ಮೇಯಾಂ ಮೇ ತಿಂಗಳಲ್ಲಿ ಮೇಲಿನಿಂದ ಕೆಳಗೆ ಕಪ್ಪಾಗುತ್ತಾ ಒಣಗಿತು. ಜೂನ್‌ನಲ್ಲಿ ಬುಡದಿಂದ ಜೋರಾಗಿ ಹಸಿರು ಚಿಗುರು ಬಂತು, ನಾನು ಕುಣಿದಾಡಿದೆ. ಅದು ಕಸಿಯ ಗಂಟಿನ ಕೆಳಗಿನಿಂದ ಬಂದ ಕಾಡು ಗುಲಾಬಿ ಚಿಗುರು. ಕಸಿ ಮಾಡಿದ ಮೇಲಿನ ಗಿಡ ಸತ್ತಿತ್ತು, ಬೇರು ಕೊಟ್ಟ ಗಿಡ ಬದುಕಿತ್ತು. ಗೊಂಚಲಿನಲ್ಲಿ ಸಣ್ಣ ಸಪ್ಪೆ ಹೂ ಬಿಟ್ಟ ಮೇಲೆಯೇ ನನಗೆ ಅರ್ಥವಾಗಿದ್ದು. ಅದೇ ಜಾತಿಯ ಗಿಡವನ್ನು ಆಮೇಲೆ ತಂದೆ, ಚೆನ್ನಾಗಿಯೂ ಇದೆ. ಅಪ್ಪ ಕೊಡಿಸಿದ್ದು ಮಾತ್ರ ಹೋಯಿತು.

ಈಗ ನಿಮ್ಮ ಗಿಡದ ವಿಷಯ. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪೊರೆ ಇದೆಯಾ ನೋಡಿ. ಇದ್ದರೆ ಮಣ್ಣಿನಲ್ಲಿರುವ ಉಪ್ಪನ್ನು ತೊಳೆಯಬೇಕು. ಇವತ್ತು ಸಂಜೆಯೇ ಆ ಬಿಳಿಯನ್ನು ಮಣ್ಣಿನ ಸಮೇತ ತೆಳ್ಳಗೆ ಕೆರೆದು ತೆಗೆಯಿರಿ. ತಟ್ಟೆ ತೆಗೆದುಹಾಕಿ. ನದಿ ನೀರು ನಲ್ಲಿಯಲ್ಲಿ ಬಂದ ದಿನ, ಕುಂಡ ಎಷ್ಟು ದೊಡ್ಡದೋ ಅದರ ಎರಡರಷ್ಟು ನೀರನ್ನು ನಿಧಾನವಾಗಿ ಹಾಕಿ, ಕೆಳಗಿನಿಂದ ಧಾರಾಳವಾಗಿ ಹರಿದುಹೋಗಲಿ. ಅಷ್ಟು ನೀರು ದಂಡವಲ್ವಾ ಎಂದು ಅನಿಸುತ್ತದೆ. ಅನಿಸಲಿ. ಆಮೇಲೆ ದಿನವೂ ನೀರು ಹಾಕುವಾಗ ಕೆಳಗಿನಿಂದ ಸ್ವಲ್ಪವಾದರೂ ಹೊರಬರಬೇಕು. ಆರ್‌ಒ ಬಿಟ್ಟ ನೀರು ನೆಲ ಒರೆಸಲು, ಬಚ್ಚಲಿಗೆ. ಮನೆಯಲ್ಲಿ ಎಸಿ ಇದ್ದರೆ ಅದರಿಂದ ತೊಟ್ಟಿಕ್ಕುವ ನೀರು ಹಿಡಿಯಿರಿ, ಅದರಲ್ಲಿ ಉಪ್ಪು ಇಲ್ಲವೇ ಇಲ್ಲ ಅನ್ನಬಹುದು. ನಮ್ಮನೆಯಲ್ಲಿ ಈಗ ಗುಲಾಬಿಗೆ ಮೊದಲ ಪಾಲು ಅದೇ.

ಇನ್ನೊಂದು, ನರ್ಸರಿ ಗಿಡವಾದರೆ ಬೇರಿನ ಸುತ್ತ ಗಟ್ಟಿ ಕೆಂಪು ಜೇಡಿಮಣ್ಣಿನ ಉಂಡೆ ಇರುತ್ತದೆ. ಆಂಧ್ರದ ಕಡಿಯಂ ಕಡೆಯಿಂದ ಬರುವ ಗಿಡಗಳಲ್ಲಿ ನಾನು ಇದನ್ನು ತುಂಬಾ ನೋಡಿದ್ದೇನೆ. ಒಮ್ಮೆ ಒಣಗಿತೆಂದರೆ ಅದರೊಳಗೆ ನೀರು ಇಳಿಯುವುದಿಲ್ಲ, ಪಕ್ಕದಿಂದ ಜಾರಿ ಹೋಗುತ್ತದೆ. ತೆಳ್ಳಗಿನ ಕಡ್ಡಿಯಿಂದ ಒಂದೆರಡು ಕಡೆ ಮೆಲ್ಲಗೆ ತೂತು ಮಾಡಿ ನೀರು ಹಾಕಿ. ಈಗ ಮಾತ್ರ ಕುಂಡ ಬದಲಿಸಲು ಹೋಗಬೇಡಿ.

ಕುಂಡಗಳನ್ನು ಇಟ್ಟಿಗೆ ಮೇಲಿಡಿ, ಕಾಂಕ್ರೀಟಿನ ಕಾವು ನೇರವಾಗಿ ತಾಗಬಾರದು. ಹೊರಮೈಗೆ ಗೋಣಿ ಸುತ್ತಿ. ಮಣ್ಣಿನ ಮೇಲೆ ಎರಡಿಂಚು ಶೇಂಗಾ ಸಿಪ್ಪೆಯೋ ಒಣಗಿದ ಎಲೆಯೋ ಹಾಸಿ. ಬೆಳಗಿನ ಬಿಸಿಲು ಸಾಕು, ಹನ್ನೊಂದರ ಮೇಲೆ 50 ಪರ್ಸೆಂಟ್ ಶೇಡ್ ನೆಟ್. ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಾಗಿ ಓಡಿಹೋಗಿ ನೀರು ಸುರಿಯಬೇಡಿ. ಬೆರಳು ಎರಡಿಂಚು ಮಣ್ಣಿಗಿಳಿಸಿ ನೋಡಿ, ತೇವ ಇದ್ದರೆ ಬಿಟ್ಟುಬಿಡಿ, ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ.

ಎಲೆಯ ಮೇಲೆ ಸೂಜಿ ಚುಚ್ಚಿದಂತೆ ಮಸುಕು ಚುಕ್ಕೆ, ಕೆಳಗೆ ಸಣ್ಣ ಬಲೆ ಕಂಡರೆ ಅದು ಕೆಂಪು ನುಸಿ. ಒಣ ಬಿಸಿಲಲ್ಲಿ ವಾರದೊಳಗೆ ಒಂದು ತಲೆಮಾರು ಮುಗಿಸಿ ಇನ್ನೊಂದು ಶುರು ಮಾಡುತ್ತದೆ. ಬೆಳಗ್ಗೆ ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ, ಕೆಲವು ದಿನ ಬಿಡದೆ. ಬೇವಿನ ಎಣ್ಣೆ ಹೊಡೆಯುವುದಾದರೆ ಸೂರ್ಯ ಇಳಿದ ಮೇಲೆ ಮಾತ್ರ. ಬಿಸಿಲಲ್ಲಿ ಹೊಡೆದರೆ ಎಲೆಯೇ ಸುಡುತ್ತದೆ.

ಹೂವಿನ ಆಸೆಯ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ರಾಯಚೂರಿನ ಮೇ ತಿಂಗಳಲ್ಲಿ ಗುಲಾಬಿಯಿಂದ ಹೂ ಕೇಳಬಾರದು. ಬಿಟ್ಟರೂ ಎಸಳು ಕಡಿಮೆ, ಬಣ್ಣ ಮಾಸಲು, ಬೆಳಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಬೆಂದಿರುತ್ತದೆ. ಆ ಹೂವಿಗಾಗಿ ಗಿಡ ತನ್ನಲ್ಲಿರುವ ಕೂಡಿಟ್ಟ ಶಕ್ತಿಯನ್ನೆಲ್ಲ ಖರ್ಚು ಮಾಡುತ್ತದೆ. ನಾನು ಏಪ್ರಿಲ್‌ನಿಂದ ಮೊಗ್ಗುಗಳನ್ನು ಚಿಕ್ಕದಿರುವಾಗಲೇ ಚಿವುಟುತ್ತೇನೆ. ಎಲೆ ಉಳಿಯಲಿ, ಬೇರು ಉಳಿಯಲಿ. ಕತ್ತರಿಯನ್ನೂ ಎತ್ತಿಡಿ, ಪೂರ್ತಿ ಒಣಗಿದ ಕಡ್ಡಿ ಬಿಟ್ಟು ಬೇರೇನೂ ಕತ್ತರಿಸಬೇಡಿ. ಈಗ ಗಿಡವನ್ನು ಬೋಳು ಮಾಡಿದರೆ ಬರಿ ಕಾಂಡಕ್ಕೆ ಬಿಸಿಲು ಬಡಿದು ಅದೂ ಕಪ್ಪಾಗುತ್ತದೆ. ಬೆಂಗಳೂರಿನಲ್ಲಿ ಜೂನ್‌ನಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ ಸವರುತ್ತಾರೆ. ನಮ್ಮ ಕಡೆಗೆ ಅಕ್ಟೋಬರ್ ಸರಿ, ಸವರಿದ ಆರೇಳು ವಾರಕ್ಕೆ ಹೂ. ಗೊಬ್ಬರ ಕೊಡುವುದೂ ಮಳೆ ಬಿದ್ದು ಹೊಸ ಚಿಗುರು ಬಂದ ಮೇಲೆ, ಕೊಟ್ಟಿಗೆ ಗೊಬ್ಬರವೋ ಎರೆಗೊಬ್ಬರವೋ ಒಂದೆರಡು ಹಿಡಿ. ಬಾಳೆಹಣ್ಣಿನ ಸಿಪ್ಪೆಯ ನೀರಿನಿಂದ ದೊಡ್ಡ ಅಪಾಯವಿಲ್ಲ, ದೊಡ್ಡ ಲಾಭವೂ ಇಲ್ಲ. ನೊಣ ಮಾತ್ರ ಗ್ಯಾರಂಟಿ.

ಬೇಸಿಗೆಯಲ್ಲಿ ದೇವರಿಗೆ, ಮುಡಿಯಲು ಹೂ ಬೇಕೇ ಬೇಕು ಅಂದರೆ ಮಲ್ಲಿಗೆ ಇಡಿ. ಅದರ ಕಾಲವೇ ಇದು. ಹೂವಿನಹಡಗಲಿಯಲ್ಲಿ ಇದೇ ಬಿಸಿಲಲ್ಲಿ ಎಕರೆಗಟ್ಟಲೆ ಮಲ್ಲಿಗೆ ಅರಳುತ್ತದೆ, ಆ ಊರಿನದೇ ವಿಶೇಷ ಬೆಳೆ ಎಂದು ಗುರುತಿಸುವ ಜಿಐ ಟ್ಯಾಗ್ ಕೂಡ ಅದಕ್ಕೆ ಸಿಕ್ಕಿದೆ. ದೊಡ್ಡ ಕುಂಡ, ಪೂರ್ತಿ ಬಿಸಿಲು ಕೊಡಿ, ನವೆಂಬರ್ ಕೊನೆಗೆ ಚೆನ್ನಾಗಿ ಸವರಿ, ಮಾರ್ಚ್‌ನಿಂದ ಮೊಗ್ಗು ಬಿಡಿಸುವುದೇ ಒಂದು ಕೆಲಸವಾಗುತ್ತದೆ. ಗಿಡ ತರುವುದು ಮಾತ್ರ ಜೂನ್ ಮಳೆ ಹಿಡಿದ ಮೇಲೆ.