ನೀಲಿ ಟೋಪಿ ಒಂದೇ, ಅಪ್ಪಣೆ ಬೇರೆ ಬೇರೆ

ಬ್ರಹ್ಮಾವರದ ಸ್ನೇಹಿತರೆ, ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಗಲಾಟೆಯಾದಾಗ ಪಕ್ಕದ ಲೈಬೀರಿಯಾದಲ್ಲಿದ್ದ ವಿಶ್ವಸಂಸ್ಥೆಯ ನೀಲಿ ಟೋಪಿಯ ಶಾಂತಿಪಾಲಕರು ಸೀದಾ ಹೋಗಬಹುದಿತ್ತಲ್ಲ ಅಂತ ಕೇಳಿದ್ದೀರಿ. ಆಗುವುದಿಲ್ಲ ಮಾರಾಯ್ರೆ. ನಮ್ಮಲ್ಲಿ ಒಂದು ಯಕ್ಷಗಾನ ಮೇಳದ ಚೆಂಡೆಯವರು ಇನ್ನೊಂದು ಮೇಳದ ಆಟಕ್ಕೆ ಹೋಗಬೇಕಾದರೆ ಯಜಮಾನರ ಒಪ್ಪಿಗೆ ಬೇಡವೇ? ಹಾಗೆಯೇ ಇದು. ಪ್ರತಿ ಪಡೆಗೂ ಭದ್ರತಾ ಮಂಡಳಿ ಕೊಟ್ಟ ಕೆಲಸ ಬೇರೆ, ಸಂಖ್ಯೆಯ ಮಿತಿ ಬೇರೆ, ಬಜೆಟ್ಟೂ ಬೇರೆ.

ದಾರಿ ಮಾಡಿಕೊಟ್ಟದ್ದು ಈ ಮಂಡಳಿಯ 2005ರ 1609ನೇ ನಿರ್ಣಯ. ಲೈಬೀರಿಯಾ, ಸಿಯೆರಾ ಲಿಯೋನ್, ಐವರಿ ಕೋಸ್ಟ್‌ಗಳಲ್ಲಿದ್ದ ವಿಶ್ವಸಂಸ್ಥೆಯ ಪಡೆಗಳ ನಡುವೆ ತಾತ್ಕಾಲಿಕವಾಗಿ ಸೈನಿಕರನ್ನು ಕಳಿಸಬಹುದಿತ್ತು, ಆದರೆ ಮಂಡಳಿ ಮೊದಲೇ ಒಪ್ಪಬೇಕಿತ್ತು. ಹೋದವರ ಲೆಕ್ಕ ಮೂಲ ಪಡೆಯಲ್ಲೇ ಉಳಿಯುತ್ತಿತ್ತು.

2010ರ ನವೆಂಬರ್‌ನಲ್ಲಿ, ಐವರಿ ಕೋಸ್ಟ್‌ನ ಎರಡನೇ ಸುತ್ತಿನ ಮತದಾನದ ಹೊತ್ತಿಗೆ, 1951ನೇ ನಿರ್ಣಯದಂತೆ ಲೈಬೀರಿಯಾದಿಂದ ಮೂರು ಕಾಲಾಳು ಕಂಪನಿ (ಸೈನಿಕ ತುಕಡಿ), ಎರಡು ಹೆಲಿಕಾಪ್ಟರ್ ಕಳಿಸಲು ಅನುಮತಿ ಸಿಕ್ಕಿತು. ಅದೂ ಗರಿಷ್ಠ ನಾಲ್ಕು ವಾರಕ್ಕೆ! ನನ್ನ ಪ್ರಕಾರ ಜನರಿಗಿಂತ ಹೆಲಿಕಾಪ್ಟರೇ ಮುಖ್ಯ. ರಸ್ತೆಯೇ ಸರಿಯಿಲ್ಲದ ಕಡೆ ಲಾರಿಯಲ್ಲಿ ಸೈನಿಕರನ್ನು ತುಂಬಿಸಿ ಏನು ಮಾಡುವುದು? 2013ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನಿಗೂ ಇದೇ ಉಪಾಯ ಬಳಸಿದರು, ಆಗ ಕಾಂಗೋ ಮತ್ತು ಸುಡಾನಿನ ಡಾರ್ಫರ್‌ನಲ್ಲಿದ್ದ ವಿಶ್ವಸಂಸ್ಥೆಯ ಪಡೆಗಳೂ ಸೈನಿಕರನ್ನು ಕೊಡುವವರ ಪಟ್ಟಿಯಲ್ಲಿದ್ದವು. ಕೊಟ್ಟ ಪಡೆ ಅಷ್ಟು ದಿನ ಬಡವಾಗುತ್ತದೆ ಅನ್ನುವುದು ಮಾತ್ರ ನಿಜ.