ಓದುಗರ ಪ್ರಶ್ನೆ: ಜೋತುಬಿದ್ದ ಚರ್ಮದ ಆಪರೇಷನ್‌ಗೆ ವಿಮೆ ಸಿಗುತ್ತದೆಯೇ?

ಪ್ರಶ್ನೆ: ಎರಡು ವರ್ಷದ ಹಿಂದೆ ಬೇರಿಯಾಟ್ರಿಕ್ (ತೂಕ ಇಳಿಸುವ) ಆಪರೇಷನ್ ಆಗಿ 118 ಕಿಲೋದಿಂದ 67 ಕಿಲೋಗೆ ಇಳಿದಿದ್ದೇನೆ. ಹೊಟ್ಟೆಯ ಚರ್ಮ ತೊಡೆಯ ಮೇಲೆ ಜೋತುಬಿದ್ದಿದೆ. ಬೇಸಿಗೆ ಬಂತೆಂದರೆ ಮಡಿಕೆಯ ಒಳಗೆಲ್ಲ ಹಸಿಗಾಯ, ವಾಸನೆ. ಹಳೆ ಸೀರೆಯ ತುಂಡು ಮಡಚಿ ಇಟ್ಟುಕೊಂಡೇ ಓಡಾಡಬೇಕು. ವಿಮಾ ಕಂಪನಿಗೆ ಫೋನ್ ಮಾಡಿದರೆ ‘ಅದು ಚಂದ ಕಾಣಲಿಕ್ಕೆ ಮಾಡಿಸೋದು, ಬರೋದಿಲ್ಲ’ ಎಂದರು. ಆರು ವರ್ಷದಿಂದ ತಪ್ಪದೆ ಕಂತು ಕಟ್ಟಿದ್ದೇನೆ. ಬೇರೆ ದಾರಿ ಇಲ್ಲವೇ?
– ಓದುಗಿ, ಬೆಟಗೇರಿ, ಗದಗ

ಉತ್ತರ: ದಾರಿ ಇದೆ ಅಕ್ಕ. ಫೋನಿನಲ್ಲಿ ಹೇಳಿದ್ದು ಕಂಪನಿಯ ತೀರ್ಮಾನವಲ್ಲ. ಪಾಲಿಸಿ ಪುಸ್ತಕದಲ್ಲಿ ‘ಎಕ್ಸ್‌ಕ್ಲ್ 08’ ಎಂಬ ಕಲಮು ಹುಡುಕಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಪ್ರಾಧಿಕಾರವಾದ ಐಆರ್‌ಡಿಎಐ ಈ ಕಲಮಿನ ಮಾತುಗಳನ್ನು ಎಲ್ಲ ಕಂಪನಿಗಳಿಗೂ ಒಂದೇ ರೀತಿ ಗೊತ್ತುಮಾಡಿದೆ. ರೂಪ ಬದಲಿಸುವ ಪ್ಲಾಸ್ಟಿಕ್ ಸರ್ಜರಿಗೆ ಹಣವಿಲ್ಲ ಎಂದು ಅದು ಶುರುವಾಗುತ್ತದೆ, ಅಷ್ಟನ್ನೇ ಓದಿ ಫೋನ್ ಇಡುತ್ತಾರೆ. ಮುಂದಿನ ಸಾಲು ನಿಮಗೆ ಬೇಕಾದದ್ದು: ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ ಈ ನಿರಾಕರಣೆ ಅನ್ವಯಿಸುವುದಿಲ್ಲ, ‘ನೇರ ಮತ್ತು ತಕ್ಷಣದ ಆರೋಗ್ಯ ಅಪಾಯ’ವನ್ನು ತೆಗೆಯಲು ಬೇಕಾದ ಚಿಕಿತ್ಸೆಗೂ ಅನ್ವಯಿಸುವುದಿಲ್ಲ. ಆ ಅಗತ್ಯವನ್ನು ಚಿಕಿತ್ಸೆ ಮಾಡುವ ವೈದ್ಯರೇ ಬರೆದು ಕೊಡಬೇಕು. ನಿಮ್ಮ ಕ್ಲೇಮು ನಿಲ್ಲುವುದು, ಬೀಳುವುದು ಆ ಬರಹದ ಮೇಲೆ.

ಹಾಗಾಗಿ ಆಸ್ಪತ್ರೆಗೆ ಸೇರುವ ಮೊದಲೇ ಫೈಲು ಕಟ್ಟಿ. ಎಷ್ಟು ತಿಂಗಳ ದಾಖಲೆ ಬೇಕೆಂದು ಕಲಮು ಹೇಳುವುದಿಲ್ಲ. ಅಮೆರಿಕದ ವಿಮಾ ಕಂಪನಿಗಳು ಮೂರು ತಿಂಗಳ ಔಷಧಕ್ಕೂ ಮಾಸದ ಹುಣ್ಣು, ಆರು ತಿಂಗಳು ಒಂದೇ ಕಡೆ ನಿಂತ ತೂಕ, ಬೇರಿಯಾಟ್ರಿಕ್ ಆಗಿದ್ದರೆ ಅಲ್ಲಿಂದ 18 ತಿಂಗಳು ಎಂಬ ಅಳತೆ ಇಟ್ಟುಕೊಂಡಿರುವುದು ಸಾಮಾನ್ಯ. ಆ ಅಳತೆಗೆ ಒಪ್ಪುವ ಫೈಲು ಇಲ್ಲಿನ ಟಿಪಿಎ (ಕಂಪನಿಯ ಪರವಾಗಿ ಕ್ಲೇಮು ಪರಿಶೀಲಿಸುವ ಸಂಸ್ಥೆ) ಡಾಕ್ಟರ ಮುಂದೆಯೂ ಗಟ್ಟಿಯಾಗಿ ನಿಲ್ಲುತ್ತದೆ.

ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ನ ಚರ್ಮರೋಗ ವಿಭಾಗದಲ್ಲೇ ತೋರಿಸಿ, ಸರ್ಕಾರಿ ಚೀಟಿಗೂ ಅಷ್ಟೇ ಬೆಲೆ. ಪ್ರತಿ ಭೇಟಿಯ ಚೀಟಿಯಲ್ಲಿ ‘ಇಂಟರ್‌ಟ್ರೈಗೋ’ (ಚರ್ಮದ ಮಡಿಕೆಯ ಹುಣ್ಣು) ಎಂಬ ರೋಗದ ಹೆಸರು, ಗಾಯ ಎಲ್ಲಿ, ಎಷ್ಟು ಅಗಲ, ಯಾವ ಮುಲಾಮು ಎಷ್ಟು ದಿನ, ಗುಣವಾಯಿತೇ, ಮತ್ತೆ ಬಂತೇ ಎಂಬುದೆಲ್ಲ ಇರಬೇಕು. ‘ರ‍್ಯಾಶ್, ಕ್ರೀಮ್ ಕೊಟ್ಟಿದೆ’ ಎಂಬ ಮೂರು ಪದದ ಚೀಟಿ ಕ್ಲೇಮಿಗೆ ಕೆಲಸಕ್ಕೆ ಬಾರದು. ಶಿಲೀಂಧ್ರದ ಪರೀಕ್ಷೆ ಮಾಡಿದ್ದರೆ ಅದರ ವರದಿ, ಔಷಧ ಅಂಗಡಿಯ ಬಿಲ್ಲು, ತಿಂಗಳಿಗೊಂದು ತೂಕದ ನಮೂದು, ಬೇರಿಯಾಟ್ರಿಕ್ ಡಿಸ್ಚಾರ್ಜ್ ಸಮ್ಮರಿ ಜೋಡಿಸಿ.

ಫೋಟೊ ತಪ್ಪದೆ ಬೇಕು. ನಿಂತ ಭಂಗಿಯಲ್ಲಿ ಮುಂದಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು; ಆಮೇಲೆ ಮಡಿಕೆಯನ್ನು ಎರಡೂ ಕೈಯಿಂದ ಮೇಲೆತ್ತಿ ಒಳಗಿನ ಕೆಂಪು ಕಾಣುವಂತೆ ಇನ್ನೊಂದು. ತಾರೀಖು ಮೂಡಿರಲಿ. ಉಟ್ಟ ಬಟ್ಟೆಯ ಮೇಲಿನ ಫೋಟೊ ಕಳಿಸಿ ಕ್ಲೇಮು ಕಳೆದುಕೊಂಡವರಿದ್ದಾರೆ. ಸಂಕೋಚವಾದರೆ ಆಸ್ಪತ್ರೆಯಲ್ಲೇ ನರ್ಸ್ ಕೈಯಿಂದ ತೆಗೆಸಿ.

ಕೊನೆಗೆ ಪ್ಲಾಸ್ಟಿಕ್ ಸರ್ಜನ್ ಪತ್ರ. ಚರ್ಮ ಎಲ್ಲಿಯವರೆಗೆ ಇಳಿದಿದೆ (ಗುಪ್ತಾಂಗ ಮುಚ್ಚುವಷ್ಟೋ, ತೊಡೆಯ ಮಧ್ಯದವರೆಗೋ), ನಡಿಗೆಗೆ, ಶುಚಿತ್ವಕ್ಕೆ ಏನು ಅಡ್ಡಿ, ಯಾವ ಔಷಧ ಸೋತಿತು, ಕತ್ತರಿಸದಿದ್ದರೆ ಏನಾಗುತ್ತದೆ ಎಂಬುದನ್ನು ಕಲಮಿನ ಮಾತುಗಳನ್ನೇ ಬಳಸಿ ಬರೆಯಲಿ. ಇಲ್ಲದ ರೋಗವನ್ನು ಮಾತ್ರ ಬರೆಸಬೇಡಿ. ಸುಳ್ಳು ಸಿಕ್ಕಿಬಿದ್ದರೆ ನಿಜವಾದ ಹುಣ್ಣನ್ನೂ ಯಾರೂ ನಂಬುವುದಿಲ್ಲ.

ಆಪರೇಷನ್ ತಾರೀಖಿಗೆ ಎರಡು–ಮೂರು ವಾರ ಮೊದಲೇ ಕ್ಯಾಶ್‌ಲೆಸ್ (ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ) ಪೂರ್ವಾನುಮತಿ ಕೇಳಿ. 2024ರ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಯನ್ನು ಒಂದು ಗಂಟೆಯೊಳಗೆ ತೀರ್ಮಾನಿಸಬೇಕು. ಇಲ್ಲ ಎಂದರೆ ಕಾರಣ, ಕಲಮಿನ ಸಂಖ್ಯೆ ಸಮೇತ ಬರವಣಿಗೆಯಲ್ಲಿ ಕೇಳಿ.

ಪ್ರಶ್ನೆ: ನಾನು ಮೆಣಸಿನಕಾಯಿ ಪ್ಯಾಟ್ಯಾಗ ಹಮಾಲಿ ಮಾಡ್ತೀನ್ರಿ. ಪಥ್ಯ ಮಾಡಿ 45 ಕಿಲೋ ಇಳಿಸೀನಿ. ಬೆವರಿನ ಕೂಡ ಖಾರದ ಧೂಳ ಹೊಟ್ಟಿ ಮಡಿಕ್ಯಾಗ ಕುಂತ್ರ ಜೀವ ಹೋದಂಗ ಆಗತೈತಿ. ಡಾಕ್ಟ್ರು ‘ಅಬ್ಡಾಮಿನೋಪ್ಲಾಸ್ಟಿ, ಜೊತೆಗೆ ತೋಳು’ ಅಂತ ಎಸ್ಟಿಮೇಟ್ ಬರದು ಕೊಟ್ಟಾರ. ಹಿಂಗ ಕಳಿಸಿದ್ರ ಆಗತೈತೇನ್ರಿ?
– ಓದುಗ, ಬ್ಯಾಡಗಿ

ಉತ್ತರ: ಹಾಗೆ ಕಳಿಸಬೇಡಿ. ನಿಮ್ಮ ಗಾಯಕ್ಕೆ ಬೇಕಾದದ್ದು ‘ಪ್ಯಾನಿಕ್ಯುಲೆಕ್ಟಮಿ’, ಅಂದರೆ ಜೋತುಬಿದ್ದ ಚರ್ಮ, ಕೊಬ್ಬನ್ನಷ್ಟೇ ಕತ್ತರಿಸುವುದು. ಅಬ್ಡಾಮಿನೋಪ್ಲಾಸ್ಟಿಯಲ್ಲಿ ಸ್ನಾಯು ಬಿಗಿದು ಹೊಲಿದು, ಹೊಕ್ಕಳನ್ನು ಹೊಸ ಜಾಗಕ್ಕೆ ಕೂರಿಸುವ ಕೆಲಸವೂ ಸೇರುತ್ತದೆ. ಟಿಪಿಎ ಕಣ್ಣಿಗೆ ಆ ಹೆಸರೇ ಸೌಂದರ್ಯ ಚಿಕಿತ್ಸೆ. ಸರ್ಜನ್ ಜೊತೆ ಕುಳಿತು ನಿಜವಾಗಿ ಯಾವುದು ಬೇಕೆಂದು ಕೇಳಿ. ಮಾಡುವುದು ಪ್ಯಾನಿಕ್ಯುಲೆಕ್ಟಮಿಯೇ ಆದರೆ ಅದೇ ಹೆಸರು ಬರೆಯಲಿ. ತೋಳಿನ ಖರ್ಚು ಕೈಯಿಂದ ಹಾಕಬೇಕಾಗಬಹುದು, ಅದಕ್ಕೆ ಬೇರೆ ಎಸ್ಟಿಮೇಟ್, ಬೇರೆ ಬಿಲ್ಲು ಮಾಡಿಸಿ. ಎರಡನ್ನೂ ಒಂದೇ ಮೊತ್ತದಲ್ಲಿ ಸೇರಿಸಿದರೆ ಯಾವ ಪಾಲು ಯಾವುದಕ್ಕೆ ಎಂದು ಬಿಡಿಸಲಾಗದೆ ಇಡೀ ಬಿಲ್ಲನ್ನೇ ವಾಪಸ್ ಮಾಡುತ್ತಾರೆ. ಹೊಟ್ಟೆಯಲ್ಲಿ ಹರ್ನಿಯಾ ಇದ್ದರೆ ಸ್ಕ್ಯಾನ್ ವರದಿ ಇಟ್ಟು ಅದನ್ನು ಬೇರೆ ಸಾಲಿನಲ್ಲಿ ತೋರಿಸಿ.

ತಂಬಾಕು ಜಗಿಯುತ್ತಿದ್ದರೆ ಆಪರೇಷನ್‌ಗೆ ನಾಲ್ಕು ವಾರ ಮೊದಲು ಬಿಡಿ. ನಿಕೋಟಿನ್ ರಕ್ತನಾಳ ಸಣ್ಣ ಮಾಡಿ ಹೊಲಿಗೆ ಬಿಡಿಸುತ್ತದೆ. ತೂಕ ಇಳಿಸಿದವರಲ್ಲಿ ಹಿಮೋಗ್ಲೋಬಿನ್, ಪ್ರೋಟೀನ್, ಬಿ12 ಕೊರತೆ ಸಾಮಾನ್ಯ, ಮೊದಲು ತಪಾಸಣೆ ಮಾಡಿಸಿ ಸರಿಪಡಿಸಿಕೊಳ್ಳಿ. ಆಪರೇಷನ್ ಆದ ಮೇಲೆ ಚರ್ಮದ ಕೆಳಗೆ ನೀರು ತುಂಬಿಕೊಳ್ಳುವುದು ಹೆಚ್ಚು ಕಾಣುವ ತೊಂದರೆ. 24 ಗಂಟೆಗೆ ಸುಮಾರು 30 ಮಿಲಿಗಿಂತ ಕಡಿಮೆ ಬಂದ ಮೇಲೆ, ಆ ನೀರನ್ನು ಹೊರಹಾಕುವ ಡ್ರೇನ್ ಟ್ಯೂಬ್ ತೆಗೆಯುವುದು ವಾಡಿಕೆ. ಆರು ವಾರ ಚೀಲ ಎತ್ತುವುದು ಬೇಡ.

ಪ್ರಶ್ನೆ: ಆಪರೇಷನ್ ಆಗಿ ಕ್ಲೇಮು ತಿರಸ್ಕೃತವಾಗಿದೆ. ಮುಂದೇನು?
– ಓದುಗ, ಹುಬ್ಬಳ್ಳಿ

ಉತ್ತರ: ತಿರಸ್ಕಾರ ಪತ್ರ ಇಟ್ಟುಕೊಂಡು ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಫೋಟೊ, ಚರ್ಮರೋಗ ಚೀಟಿಗಳ ಜೊತೆ ಆಪರೇಷನ್ ನೋಟ್ಸ್, ಕತ್ತರಿಸಿದ ಚರ್ಮದ ತೂಕ, ಪ್ಯಾಥಾಲಜಿ ವರದಿಯನ್ನೂ ಹಾಕಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆಯ ದೂರು ಬಗೆಹರಿಸುವ ಅಧಿಕಾರಿ) ದೂರು ಕೊಡಿ. ಇಡೀ ಕರ್ನಾಟಕ ಅವರ ವ್ಯಾಪ್ತಿ. ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಅವಕಾಶವಿಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅವರ ಮುಂದೆ ಬರುತ್ತದೆ. ಕಂಪನಿ ನಿಮ್ಮ ಮನವಿಯನ್ನು ತಳ್ಳಿಹಾಕಿದ ಮೇಲೆ ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಅವಧಿ ಇದೆ, ಆದರೆ ಅಲ್ಲಿ ಕೇಸು ಹಾಕಿದ ಮೇಲೆ ಓಂಬುಡ್ಸ್‌ಮನ್ ಅದೇ ವಿಷಯವನ್ನು ತೆಗೆದುಕೊಳ್ಳುವುದಿಲ್ಲ. ಮೊದಲು ಓಂಬುಡ್ಸ್‌ಮನ್ ಬಾಗಿಲು ತಟ್ಟುವುದೇ ಸರಿ. ಎಲ್ಲ ಕಾಗದದ ಜೆರಾಕ್ಸ್ ಕೊಡಿ, ಮೂಲಪ್ರತಿ ನಿಮ್ಮ ಬಳಿಯೇ ಇರಲಿ.